ಸಹಾಯ ಬೇಕು: ಬದಿಯಡ್ಕದ ಬಳಿ ಅಡಿಕೆಗೆ ಮದ್ದು ಬಿಡುವವರು

ನಮಸ್ಕಾರ. ತಮ್ಮ ಸೇನೆಯಲ್ಲಿದ್ದಾನೆ, ಈಗ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ದಕ್ಷಿಣ ಸುಡಾನಿನಲ್ಲಿ. ಊರಿನ ಮನೆಯಲ್ಲಿ ಅಮ್ಮ ಮತ್ತು ಅವನ ಏಳು ತಿಂಗಳ ಬಸುರಿ ಹೆಂಡತಿ, ಇಬ್ಬರೇ. ನಾನಿರುವುದು ಪುಣೆಯಲ್ಲಿ.

ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆಗೆ ಮುನ್ನ ಹೇಗೋ ಆಯಿತು. 40 ದಿನ ಕಳೆದಿದೆ, ಎರಡನೆಯದು ಬಾಕಿ. 100 ಲೀಟರ್ ನೀರಿಗೆ ಒಂದೊಂದು ಕಿಲೋದಂತೆ ಮೈಲುತುತ್ತು, ಸುಣ್ಣ ತಂದಿಟ್ಟಿದ್ದೇವೆ. ಮರ ಹತ್ತುವವರು ಮಾತ್ರ ಇಲ್ಲ. ಎರಡು ದಿನ ಬಿಸಿಲು ಕಂಡರೆ ಊರಿಗೆಲ್ಲ ಅವರೇ ಬೇಕು! ಕೊಳೆರೋಗ ತಮ್ಮನ ರಜೆಗೆ ಕಾಯುವುದಿಲ್ಲ. ಸಂಬಳ ಊರಿನ ದರದಂತೆ, ಊಟ ಮನೆಯಲ್ಲೇ.

ಇನ್ನೊಂದು. ಹೆರಿಗೆಗೆ ಕಣ್ಣೂರಿನ ಸೇನಾ ಆಸ್ಪತ್ರೆಯಲ್ಲಿ ಹೆಸರು ಬರೆಸುವ ಕ್ರಮವನ್ನು ಯೋಧರ ಮನೆಯವರು ಯಾರಾದರೂ ತಿಳಿಸುವಿರಾ? ದಕ್ಷಿಣ ಸುಡಾನಿನ ರಾಜಧಾನಿ ಜೂಬಾ ನಮಗಿಂತ ಮೂರೂವರೆ ಗಂಟೆ ಹಿಂದೆ. ತಮ್ಮನ ಫೋನ್ ಬರುವಾಗ ಇಲ್ಲಿ ಕಚೇರಿಗಳು ಮುಚ್ಚಿರುತ್ತವೆ.