ತುರ್ತು: ಅಮೆರಿಕದ ಹಳೇ ಕ್ಷೌರದ ಕತ್ತಿಯ ಮೇಲಿನ ಬರಹಕ್ಕೆ ‘ತಯಾರಕರ ಮುದ್ರೆ’ ಅನ್ನಬಹುದಾ?

ಇಂದ: ಎಸ್., ರಾಚೆಸ್ಟರ್

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದವರು ಹವ್ಯಾಸಗಳ ಪ್ರದರ್ಶನ ಇಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಇರುವ ಮಡಿಸುವ ಕ್ಷೌರದ ಕತ್ತಿಗಳನ್ನು ಇಡುತ್ತಿದ್ದೇನೆ. ಎಲ್ಲ ಇಲ್ಲಿಯದೇ, ನೂರು ವರ್ಷದ ಆಸುಪಾಸಿನವು. ಪಕ್ಕದ ಚೀಟಿಗಳು ಕನ್ನಡದಲ್ಲಿರಬೇಕು, ಶುಕ್ರವಾರ ಮುದ್ರಣಕ್ಕೆ ಹೋಗಬೇಕು.

ಅಲಗು ಮುಗಿದು ಹಿಡಿಯ ಕಡೆಗೆ ಹೋಗುವ, ಹರಿತ ಇಲ್ಲದ ದಪ್ಪ ಭಾಗ ಇದೆಯಲ್ಲ, ಟ್ಯಾಂಗ್ ಅಂತಾರೆ. ಅದಕ್ಕೆ ಕನ್ನಡದಲ್ಲಿ ಏನು? ಹೆಸರು, ಊರು ಒತ್ತಿರುವುದು ಅಲ್ಲೇ. ಆ ಬರಹಕ್ಕೆ ‘ತಯಾರಕರ ಮುದ್ರೆ’ ಎಂದು ಹಾಕಿದ್ದೇನೆ, ಸರಿಯಾ? ಎರಡು ಪಟ್ಟಿ ಸೇರಿಸಿ ಮಾಡಿದ ಹಿಡಿಗೆ ಬೇರೆ ಹೆಸರೇನಾದರೂ ಇದೆಯಾ?

ಇಂದ: ವಿ., ಧಾರವಾಡ

‘ಕ್ಷೌರದ ಕತ್ತಿ’ಯಲ್ಲೇ ಎಡವಿದ್ದೀರಿ. ಸಂಸ್ಕೃತದಲ್ಲಿ ಕ್ಷುರ ಅಂದರೇ ಈ ಕತ್ತಿ. ಕ್ಷೌರ ಬಂದದ್ದು ಅದರಿಂದ. ಅಂದಮೇಲೆ ನೀವು ಬರೆದದ್ದು ‘ಕತ್ತಿಗೆಲಸದ ಕತ್ತಿ’. ಕೂರಲಗು ಎನ್ನಿ. ಹಿಡಿಗೆ ಒರೆ. ಮಡಿಸಿದಾಗ ಅಲಗು ಅದರೊಳಗೇ ಹೋಗಿ ಕೂರುತ್ತದೆ, ಅಲ್ವಾ? ಇನ್ನು ‘ತಯಾರಕ’. ತಯಾರ್ ಪಾರಸಿ ಕಡೆಯಿಂದ ಬಂದದ್ದು, ಅದರ ಬಾಲಕ್ಕೆ ಸಂಸ್ಕೃತದ ‘ಕ’ ಅಂಟಿಸಿದ್ದಾರೆ. ‘ಮಾಡಿದವರ ಗುರುತು’ ಎಂದರೆ ಮುಗಿಯಿತು.

ಇಂದ: ಜಿ., ಮೈಸೂರು

ಕೂರಲಗು ಕುಡುಗೋಲಿಗೂ ಇದೆ, ಈಳಿಗೆಮಣೆಗೂ ಇದೆ. ಕಟಿಂಗ್ ಶಾಪಿಗೆ ಹೋಗಿ ‘ಕೂರಲಗು ತೆಗೀರಿ’ ಅನ್ನಿ ಸಾರ್, ಏನು ಕೊಡ್ತಾರೆ ನೋಡೋಣ. ಕ್ಷೌರದ ಕತ್ತಿ ಎಲ್ಲರಿಗೂ ಗೊತ್ತು. ಅದನ್ನೇ ಇಡಿ.

ಇಂದ: ಕೆ., ಸೇಂಟ್ ಲೂಯಿಸ್

ವಿ. ಅವರೇ, ‘ಮಾಡಿದವರ ಗುರುತು’ ಅಚ್ಚಕನ್ನಡ ನಿಜ, ಆದರೆ ಚೀಟಿಯಲ್ಲಿ ಅದು ಸುಳ್ಳಾಗುತ್ತದೆ. ಅಮೆರಿಕದ ಕತ್ತಿಗಳಲ್ಲಿ ಎಷ್ಟೋ ಸಲ ಆ ಹೆಸರು ಮಾಡಿದವರದ್ದಲ್ಲ, ಮಾರಿದವರದ್ದು.

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ‘ಕೀನ್ ಕಟರ್’ ಇ.ಸಿ. ಸಿಮ್ಮನ್ಸ್ ಹಾರ್ಡ್‌ವೇರ್ ಕಂಪನಿಯ ಮಾರ್ಕು. ಅವರು ಸಗಟು ವ್ಯಾಪಾರದವರು. ಬೇರೆ ಕಾರ್ಖಾನೆಗಳಿಂದ ಮಾಲು ಮಾಡಿಸಿ ತಮ್ಮ ಹೆಸರು ಹಾಕಿಸುತ್ತಿದ್ದರು. 1940ರಲ್ಲಿ ಇದೇ ಊರಿನ ಶೇಪ್ಲೀ ಕಂಪನಿ ಸಿಮ್ಮನ್ಸನ್ನು ಕೊಂಡಿತು, ಮಾರ್ಕೂ ಜೊತೆಗೆ ಹೋಯಿತು. ಬರೀ ‘ಕೀನ್ ಕಟರ್’ ನೋಡಿ ಯಾರು ಸಾಣೆ ಹಿಡಿದರು ಅಂತ ಹೇಳೋಕೆ ಬರಲ್ಲ. ಹಾಗಂತ ಎಲ್ಲರೂ ಹೀಗೇ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನ ಜೆ.ಆರ್. ಟೋರಿ ಸ್ವಂತ ಕಾರ್ಖಾನೆಯವರು. ಎಸ್. ಅವರ ಮಗ್ಗುಲಲ್ಲೇ ಇರುವ ಜಿನೀವಾ ಊರಿನ ಜಿನೀವಾ ಕಟ್ಲರಿ ಕಂಪನಿಯವರೂ ಅಷ್ಟೇ, ‘ಜೆಂಕೋ’ ಅಂತ ಒತ್ತುತ್ತಿದ್ದರು. ಚೀಟಿಯಲ್ಲಿ ‘ನ್ಯೂಯಾರ್ಕ್ ರಾಜ್ಯ’ ಅಂತ ಸೇರಿಸಿ, ಇಲ್ಲದಿದ್ದರೆ ನೋಡಿದವರು ಸ್ವಿಟ್ಜರ್‌ಲೆಂಡ್ ಅಂದುಕೊಳ್ತಾರೆ.

ಇನ್ನೊಂದು. ದಪ್ಪ ಭಾಗದ ಎರಡೂ ಮುಖ ನೋಡಿ. ಒಂದು ಕಡೆ ನ್ಯೂಯಾರ್ಕಿನ ಅಂಗಡಿ ಹೆಸರು, ತಿರುಗಿಸಿದರೆ ಸಣ್ಣಕ್ಷರದಲ್ಲಿ ‘ಜರ್ಮನಿ’ ಅಂತ ಇರುತ್ತೆ. ಅದು ಆಮದು ಮಾಲು. 1890ರ ಮೆಕಿನ್ಲೆ ಸುಂಕ ಕಾಯಿದೆ, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. 1891ರ ಮಾರ್ಚ್ 1ರಿಂದ ಜಾರಿ. ಹಾಗಾಗಿ ‘ಜರ್ಮನಿ’ ಕಂಡರೆ ಸಾಮಾನ್ಯವಾಗಿ ಅದರ ಈಚಿನದು. ದೇಶದ ಹೆಸರು ಇಲ್ಲದಿದ್ದರೆ ಮಾತ್ರ ಸುಮ್ನೆ ‘1891ಕ್ಕೂ ಹಿಂದಿನದು’ ಅಂತ ಬರೆದುಬಿಡಬೇಡಿ. ಅಮೆರಿಕದಲ್ಲೇ ಮಾಡಿದ್ದಕ್ಕೆ ಈ ಕಟ್ಟಳೆಯೇ ಇರಲಿಲ್ಲ.

ಅದಕ್ಕೇ ನನ್ನ ಸಲಹೆ ‘ಹೆಸರಚ್ಚು’. ಹೆಸರು ಒತ್ತಿದೆ ಅನ್ನುತ್ತದೆ, ಯಾರು ಮಾಡಿದರು ಅನ್ನುವುದಿಲ್ಲ. ಟ್ಯಾಂಗಿಗೆ ‘ಕೊರಳು’ ಸಾಕು. ಹಿಡಿಗೆ ‘ಹಿಡಿ’ ಸಾಕು, ಒರೆ ಬೇಡ. ಒರೆಯಿಂದ ಕತ್ತಿಯನ್ನು ಹಿರಿಯುತ್ತೇವೆ, ಇದನ್ನು ಹಿರಿಯೋಕೆ ಆಗಲ್ಲ, ಕೀಲಿನಲ್ಲಿ ಬಂಧಿ.

ಹಿಡಿ ಬೆಳ್ಳಗಿದ್ದರೆ ‘ದಂತ’ ಎಂದು ಬರೆಯುವ ಮೊದಲು ಭೂತಗನ್ನಡಿ ಹಿಡಿದು ನೋಡಿ. ಗೆರೆಗಳು ರೂಲು ಹಾಕಿದ ಹಾಗೆ ಒಂದೇ ಸಮ ಇದ್ದರೆ ಹೆಚ್ಚಾಗಿ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್. ಬೆರಳಲ್ಲಿ ಉಜ್ಜಿ ಬಿಸಿ ಮಾಡಿದರೆ ಕರ್ಪೂರದ ವಾಸನೆ ಬರಬಹುದು. ಬಿಸಿ ಸೂಜಿ ಮಾತ್ರ ಚುಚ್ಚಬೇಡಿ, ಭಗ್ಗನೆ ಹತ್ತಿಕೊಳ್ಳುತ್ತೆ. ಹಳೇ ಸೆಲ್ಯುಲಾಯ್ಡ್ ಕೆಟ್ಟಾಗ ಆಮ್ಲದ ಆವಿ ಬಿಡುತ್ತೆ, ಅಲಗಿಗೆ ತುಕ್ಕು ಹಿಡಿಯುತ್ತೆ. ಪ್ರದರ್ಶನದಲ್ಲಿ ಅಂಥದ್ದನ್ನು ಉಳಿದವುಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ.

ಇಂದ: ವಿ., ಧಾರವಾಡ

ಹೆಸರಚ್ಚು ಒಪ್ಪಿದೆ. ಸಾಣೆ ಒಪ್ಪಿಲ್ಲ, ಅದು ಶಾಣದ ತದ್ಭವ. ‘ಮಸೆ’ ಇರುವಾಗ ಯಾಕೆ?

ಇಂದ: ಜಿ., ಮೈಸೂರು

ಯಾಕೆ ಅಂದರೆ ಅವೆರಡೂ ಬೇರೆ ಕೆಲಸ. ಚಕ್ರ ತಿರುಗಿಸಿ ಲೋಹ ತೆಗೆಯೋದು ಸಾಣೆ. ಅದು ಕಾರ್ಖಾನೆಯಲ್ಲಿ ಆಗೋದು. ಕಲ್ಲಿನ ಮೇಲೆ ಎಳೆದು ಬಾಯಿ ಹರಿತ ಮಾಡೋದು ಮಸೆಯೋದು. ಅದು ಕ್ಷೌರದವರ ಕೈಯಲ್ಲಿ. ಅಲಗಿನ ಎರಡೂ ಮೈ ಒಳಕ್ಕೆ ತಗ್ಗಾಗಿರೋದು ಸಾಣೆಯಿಂದ, ಮಸೆದಲ್ಲ. ತದ್ಭವ ಆದರೇನು? ಸಾವಿರ ವರ್ಷ ಬಾಯಲ್ಲಿ ಸವೆದ ಪದವನ್ನು ಈಗ ವಾಪಸ್ ಕಳಿಸ್ತೀರಾ? ಹಾಗಾದರೆ ಮೇಜು, ಕುರ್ಚಿ, ಸಾಬೂನು ಎಲ್ಲ ಮೊದಲು ಹೊರಗೆ ಹಾಕಿ, ಆಮೇಲೆ ಕತ್ತಿಗೆ ಬನ್ನಿ.

ಇಂದ: ವಿ., ಧಾರವಾಡ

ಸಾಬೂನು ಬೇರೆ. ವಸ್ತು ಬಂತು, ಹೆಸರೂ ಬಂತು. ಸೆಲ್ಯುಲಾಯ್ಡಿಗೂ ನನ್ನ ತಕರಾರಿಲ್ಲ. ಇದ್ದ ಪದ ಬಿಟ್ಟು ತಂದರೆ ತಕರಾರು. ‘ತಕರಾರು’ ಯಾವ ಭಾಷೆ ಎಂದು ಯಾರೂ ಬರೆಯಬೇಕಾಗಿಲ್ಲ, ನನಗೆ ಗೊತ್ತಿದೆ.

ಇಂದ: ಎಸ್., ರಾಚೆಸ್ಟರ್

ಎಲ್ಲರಿಗೂ ಥ್ಯಾಂಕ್ಸ್. ಮೊದಲ ಚೀಟಿ ಹೀಗೆ ಹೋಗುತ್ತಿದೆ: ‘ಮಡಿಸುವ ಕ್ಷೌರದ ಕತ್ತಿ. ಕೊರಳಿನ ಮೇಲಿನ ಹೆಸರಚ್ಚು: ಕೀನ್ ಕಟರ್. ಮಾರಿದವರು: ಸಿಮ್ಮನ್ಸ್ ಹಾರ್ಡ್‌ವೇರ್, ಸೇಂಟ್ ಲೂಯಿಸ್. ಸೆಲ್ಯುಲಾಯ್ಡ್ ಹಿಡಿ.’ ಮಾಡಿದವರು ಅನ್ನುವ ಸಾಲನ್ನೇ ತೆಗೆದಿದ್ದೇನೆ. ವಿ. ಸಾರ್, ‘ಕೂರಲಗು’ ದೊಡ್ಡ ಫಲಕದ ತಲೆಬರಹಕ್ಕೆ ಹಾಕಲಾ? ನಾಳೆ ಬೆಳಗ್ಗೆಯೊಳಗೆ ಹೇಳಿ.