‘ಸೂರರೈ ಪೋಟ್ರು’ ತೋರಿಸಿ, ಆಮೇಲೆ ಗೊರೂರಿನ ಕಥೆ ಹೇಳಿ

ಮಗ ಎರಡು ಅಂಕ ಕಡಿಮೆ ಬಂದರೂ ದಿನವಿಡೀ ಮಾತು ಬಿಡುತ್ತಾನೆ, ಅವನಿಗೆ ಧೈರ್ಯ ತುಂಬುವಂಥ ಸಿನಿಮಾ ಇದ್ದರೆ ತಿಳಿಸಿ ಎಂದು ಕಳೆದ ವಾರ ಒಬ್ಬ ತಾಯಿ ಇಲ್ಲಿ ಕೇಳಿದ್ದಿರಿ. ಹಲವರು ‘ಸೂರರೈ ಪೋಟ್ರು’ ಎಂದಿರಿ. ನಾನೂ ಅದನ್ನೇ ಹೇಳುತ್ತೇನೆ. ಕನ್ನಡಕ್ಕೂ ಡಬ್ ಆಗಿದೆ, ಮಕ್ಕಳಿಗೆ ಕನ್ನಡದಲ್ಲೇ ತೋರಿಸಿ. ಆದರೆ ಚಿತ್ರ ಮುಗಿದೊಡನೆ ಟಿವಿ ಆರಿಸಿ ಮಲಗಲು ಕಳುಹಿಸಬೇಡಿ. ಅರ್ಧ ಕಥೆ ಇನ್ನೂ ಬಾಕಿ ಇರುತ್ತದೆ, ಆ ಅರ್ಧ ನಮ್ಮ ಹಾಸನದ್ದು.

ಸುಧಾ ಕೊಂಗರ ನಿರ್ದೇಶಿಸಿ ಸೂರ್ಯ ನಟಿಸಿದ ಈ ತಮಿಳು ಚಿತ್ರ 2020ರಲ್ಲಿ ಬಂದಿತು. ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಕಟ್ಟಿದ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥೆಯೇ ಅದಕ್ಕೆ ಆಧಾರ. ಸೂರ್ಯ ಮತ್ತು ಅಪರ್ಣಾ ಬಾಲಮುರಳಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಅಪರ್ಣಾ ಮಾಡಿದ ಬೊಮ್ಮಿಯ ಪಾತ್ರ ನನಗೆ ಬಹಳ ಹಿಡಿಸಿತು. ಗಂಡನ ಕನಸಿನ ಪಕ್ಕದಲ್ಲೇ ತನ್ನದೊಂದು ಬೇಕರಿಯ ಕನಸನ್ನೂ ಇಟ್ಟುಕೊಂಡು ಅದನ್ನು ನಡೆಸಿ ತೋರಿಸುವ ಹೆಂಗಸು ಅವಳು. ಗೋಪಿನಾಥ್ ಅವರ ಪತ್ನಿಯೂ ಬೇಕರಿ ನಡೆಸಿದವರೇ.

ಇನ್ನು ಆ ವಿಮಾನ ನಿಲ್ದಾಣದ ದೃಶ್ಯ. ಊರಿನಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿದ್ದಾರೆ. ನಾಯಕ ಮಾರನ ಬಳಿ ಟಿಕೆಟ್ಟಿಗೆ ಹಣ ಸಾಲದು. ಕಂಡ ಕಂಡ ಪ್ರಯಾಣಿಕರ ಮುಂದೆ ಕೈ ಒಡ್ಡಿ ಅಳುತ್ತಾನೆ. ಕೊನೆಗೆ ಊರು ಮುಟ್ಟುವಾಗ ಎಲ್ಲ ಮುಗಿದಿರುತ್ತದೆ, ತಾಯಿ ಅವನನ್ನು ಬೈದು ಗೋಳಾಡುತ್ತಾಳೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಒಂಬತ್ತು ವರ್ಷದ ಮಗಳು ನನ್ನ ತೋಳು ಹಿಡಿದುಕೊಂಡು, “ಅವನು ಬಂದನಲ್ಲ, ಮತ್ತೆ ಅಜ್ಜಿ ಯಾಕೆ ಬೈಯುತ್ತಾರೆ?” ಎಂದು ಕೇಳಿದಳು. ನಾನು ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿದೆ. ನನ್ನ ತಂದೆ ತೀರಿಕೊಂಡಾಗ ನಾನು ಕೆನಡಾದ ಮಿಸಿಸಾಗಾದಿಂದ ಹೊರಟು ಊರು ಸೇರುವಷ್ಟರಲ್ಲಿ ಮೂರನೆಯ ದಿನವಾಗಿತ್ತು. ಅದನ್ನು ಮಕ್ಕಳಿಗೆ ಎಂದೂ ಬಿಡಿಸಿ ಹೇಳಿರಲಿಲ್ಲ. ಅಂದು ಹೇಳಿದೆ. ಈ ಒಂದು ದೃಶ್ಯಕ್ಕಾಗಿಯೇ ಚಿತ್ರತಂಡಕ್ಕೆ ನಾನು ಋಣಿ.

ಕೊರತೆಯೆಂದರೆ, ಚಿತ್ರ ಎಲ್ಲ ಅಡ್ಡಿಯನ್ನೂ ಪರೇಶ್ ಎಂಬ ಒಬ್ಬ ವಿಮಾನ ಕಂಪನಿಯ ಮಾಲೀಕನ ತಲೆಗೆ ಕಟ್ಟಿಬಿಡುತ್ತದೆ. ಅವನು ಸಂಚು ಹೂಡುತ್ತಾನೆ, ನಾಯಕ ಬೀಳುತ್ತಾನೆ, ಏಳುತ್ತಾನೆ. ನೋಡಲು ರೋಚಕವಾಗಿಯೇ ಇದೆ. ಆದರೆ ಸೋಲಿಗೆಲ್ಲ ಒಬ್ಬ ದುಷ್ಟ ಕಾರಣ ಎಂದು ನಂಬಿದ ಮಗು ನಾಳೆ ಗಣಿತದಲ್ಲಿ ಸೋತಾಗ ಯಾರನ್ನು ಹುಡುಕಬೇಕು? ಹಿನ್ನೆಲೆ ಸಂಗೀತವೂ ಕೆಲವು ಕಡೆ ನಮ್ಮ ಕಣ್ಣೀರಿಗೆ ಕಾಯದೆ ತಾನೇ ಮುಂದಾಗಿ ಅಳುತ್ತದೆ.

ನಿಜವಾದ ಬದುಕು ಹೀಗೆ ಒಂದೇ ಗೆರೆಯಲ್ಲಿ ಸಾಗಲಿಲ್ಲ. ಗೋಪಿನಾಥ್ ಶಾಲಾ ಮೇಷ್ಟ್ರ ಮಗ. ತಂದೆ ಮನೆಯಲ್ಲೇ ಪಾಠ ಹೇಳಿ ನೇರವಾಗಿ ಐದನೆಯ ತರಗತಿಗೆ, ಕನ್ನಡ ಶಾಲೆಗೆ ಸೇರಿಸಿದರು. ಚಿತ್ರದ ಮಾರ ವಾಯುಪಡೆಯವನು, ಇವರು ಭೂಸೇನೆಯವರು, 1971ರ ಯುದ್ಧ ಕಂಡವರು. ಸೇನೆ ಬಿಟ್ಟು ಬಂದಾಗ ಮನೆತನದ ಜಮೀನು ಹೇಮಾವತಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಪರಿಹಾರಕ್ಕೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ. ಅಲ್ಲಿ ಡೇರೆ ಹಾಕಿಕೊಂಡು ಬೇಸಾಯ ಶುರು ಮಾಡಿದರು. ತೆಂಗು, ಹೈನುಗಾರಿಕೆ, ಕೋಳಿ ಸಾಕಣೆ, ರೇಷ್ಮೆ, ಹಾಸನದಲ್ಲಿ ಎನ್‌ಫೀಲ್ಡ್ ಬೈಕುಗಳ ಮಾರಾಟ, ಒಂದು ಹೋಟೆಲು. 1997ರಲ್ಲಿ ಹೆಲಿಕಾಪ್ಟರ್ ಕಂಪನಿ. ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ, ಆಗ ಅವರಿಗೆ ಐವತ್ತರ ಮೇಲೆ ವಯಸ್ಸು. ಒಂದು ರೂಪಾಯಿಗೂ ಟಿಕೆಟ್ ಮಾರಿದರು, ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರದ ‘ಶ್ರೀಸಾಮಾನ್ಯ’ನನ್ನು ಕಂಪನಿಯ ಗುರುತಾಗಿಸಿದರು. ನಮ್ಮ ಸೋದರಮಾವ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ.

ಚಿತ್ರ ವಿಮಾನ ಹಾರಿದ ಸಂಭ್ರಮದಲ್ಲಿ ಮುಗಿಯುತ್ತದೆ. ಆದರೆ ಜನ ತುಂಬಿ ಹತ್ತಿದರೂ ಕಂಪನಿ ನಷ್ಟದಲ್ಲಿತ್ತು. ಅದು ವಿಜಯ್ ಮಲ್ಯ ಅವರ ವಿಮಾನ ಕಂಪನಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, 2012ರಲ್ಲಿ ಕಿಂಗ್‌ಫಿಷರೇ ನಿಂತುಹೋಯಿತು. 2009ರಲ್ಲಿ ಗೋಪಿನಾಥ್ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಇಷ್ಟಾದರೂ ಕಡಿಮೆ ದರದಲ್ಲಿ ಹಾರುವ ಅಭ್ಯಾಸ ದೇಶಕ್ಕೆ ಹತ್ತಿತು. ಸಾಧನೆಯೆಂದರೆ ಹೀಗೂ ಇರುತ್ತದೆ ಎಂದು ಮಕ್ಕಳಿಗೆ ತಿಳಿಯಬೇಕು. ನಾವೂ ಕಲಿತ ವಿದ್ಯೆ ಒಂದು, ಇಲ್ಲಿಗೆ ಬಂದು ಹಿಡಿದ ಮೊದಲ ಕೆಲಸ ಇನ್ನೊಂದು ಎಂಬಂತೆ ಬದುಕಿದವರಲ್ಲವೇ?

ನಾನು ಈ ಉದ್ಯೋಗಗಳನ್ನು ಒಂದೊಂದಾಗಿ ಹೇಳುತ್ತಿದ್ದಾಗ ಹದಿಮೂರರ ಮಗ ಬೆರಳು ಮಡಚಿ ಎಣಿಸುತ್ತಿದ್ದ. ಒಂದು ಕೈ ಸಾಲದೆ ಎರಡನೆಯ ಕೈ ತೆಗೆದ. ಹೆಲಿಕಾಪ್ಟರಿಗೆ ಬರುವ ಹೊತ್ತಿಗೆ, “ಅಪ್ಪ, ಇವರಿಗೆ ನಡುವೆ ನಾಚಿಕೆಯಾಗಲಿಲ್ಲವೇ?” ಎಂದು ಮೆಲ್ಲಗೆ ಕೇಳಿದ. ಅಂಕ ಕಡಿಮೆ ಬಂದಾಗ ನನ್ನ ಮಗನೂ ಯಾಕೆ ಮಾತು ಬಿಡುತ್ತಾನೆ ಎಂದು ನನಗೆ ಅಂದು ಗೊತ್ತಾಯಿತು.

ನಿಮ್ಮ ಮನೆಯಲ್ಲಿ ನೋಡಿದವರು ಮಕ್ಕಳು ಎಲ್ಲಿ, ಏನು ಕೇಳಿದರು ಎಂದು ದಯವಿಟ್ಟು ಬರೆಯಿರಿ.