ಕೆಂಪುಕಲ್ಲು ಕೋರೆಯ ತುಕ್ಕುಬಣ್ಣದ ನೀರು: ಜೊಂಡಿನ ಹೊಂಡದಿಂದ ತಿಳಿಯಾದೀತೇ?

ಪ್ರಶ್ನೆ: ಕಾರ್ಕಳದ ಕೃಷಿಕ
ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ವರ್ಷಗಳ ಹಿಂದೆ ಕೈಬಿಟ್ಟ ಕೆಂಪುಕಲ್ಲಿನ ಕೋರೆಯೊಂದಿದ್ದು, ಅದರ ಬುಡದಿಂದ ಜಿನುಗುವ ನೀರು ತೋಡಿಗೆ ಸೇರುವಲ್ಲಿ ತುಕ್ಕುಬಣ್ಣದ ಲೋಳೆ ಕಟ್ಟುತ್ತದೆ. ಮೇಲೆ ಎಣ್ಣೆಯಂತೆ ಹೊಳೆಯುವ ಪದರವೂ ಇದೆ. ಗಣಿಯ ನೀರನ್ನು ಜೊಂಡು ಬೆಳೆಸಿದ ಹೊಂಡಗಳಲ್ಲಿ ಹಾಯಿಸಿ ಶುದ್ಧಗೊಳಿಸುತ್ತಾರೆಂದು ಓದಿದ್ದೇನೆ. ಐದು ಸೆಂಟ್ಸ್ ಜಾಗ ಬಿಟ್ಟುಕೊಡಬಲ್ಲೆ. ಲಾವಂಚ ನೆಟ್ಟರೆ ಸಾಕಾಗುವುದೇ?

ಸುರತ್ಕಲ್ಲಿನ ಓದುಗ
ಮೊದಲು ಆ ಪದರವನ್ನು ಕಡ್ಡಿಯಿಂದ ತಿವಿದು ನೋಡಿ. ಗಾಜಿನ ಹಾಗೆ ಚೂರುಚೂರಾಗಿ ಉಳಿದರೆ ಅದು ಕಬ್ಬಿಣವನ್ನು ಉಂಡು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಒಡೆದ ಮೇಲೆ ಮತ್ತೆ ಕೂಡಿಕೊಂಡರೆ ಯಂತ್ರದ ಎಣ್ಣೆಯೆಂದು ಅನುಮಾನಿಸಬೇಕು. ಅನಂತರ ನೀರು ಎಷ್ಟು ಹುಳಿಯೆಂದು ತೋರಿಸುವ ಪಿಎಚ್ ಅಳೆಯಿರಿ; ಅದು ಇಳಿದಷ್ಟೂ ಹುಳಿ ಹೆಚ್ಚು. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲಿನೊಂದಿಗಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಗಾಳಿಗೂ ನೀರಿಗೂ ತೆರೆದುಕೊಂಡು ಗಂಧಕಾಮ್ಲ ಹುಟ್ಟುತ್ತದೆ. ನಮ್ಮ ಕೆಂಪುಕಲ್ಲಿನಲ್ಲಿ, ಅಂದರೆ ಮುರಕಲ್ಲಿನಲ್ಲಿ, ಸಾಮಾನ್ಯವಾಗಿ ಆ ತೊಂದರೆ ಇರುವುದಿಲ್ಲ. ಪಿಎಚ್ 6ಕ್ಕಿಂತ ಮೇಲಿದ್ದರೆ, ನೀರನ್ನು ಕಲ್ಲಿನ ಮೆಟ್ಟಿಲುಗಳ ಮೇಲೆ ಧುಮುಕಿಸಿ ಗಾಳಿಯಾಡಿಸಿ, ಹೊಂಡದಲ್ಲಿ ನಿಲ್ಲಿಸಿ, ಕೆಂಪು ಕೆಸರು ತಳ ಸೇರಿದ ಮೇಲೆ ಜೊಂಡಿನ ನಡುವೆ ಹರಿಯಬಿಟ್ಟರೆ ಕಬ್ಬಿಣದ ಬಹುಪಾಲು ಇಳಿಯುತ್ತದೆ. ಗಿಡಗಳೇ ಲೋಹವನ್ನೆಲ್ಲ ಹೀರಿ ಮುಗಿಸುತ್ತವೆಂಬುದು ನಮ್ಮಲ್ಲಿ ಗಟ್ಟಿಯಾಗಿ ಕೂತಿರುವ ಭ್ರಮೆ. ಅವು ನೀರಿನ ವೇಗ ತಗ್ಗಿಸುತ್ತವೆ, ಬೇರಿನ ಸುತ್ತ ಸೂಕ್ಷ್ಮಜೀವಿಗಳಿಗೆ ನೆಲೆ ಕೊಡುತ್ತವೆ, ಮುಖ್ಯವಾಗಿ ಅಷ್ಟೇ.

ಉಡುಪಿಯ ಓದುಗಿ
ನೀರು ಹುಳಿಯಾಗಿದ್ದರೆ ಸುಣ್ಣಕಲ್ಲು ಬೇಕಾಗುತ್ತದೆ. ಆದರೆ ಗಾಳಿ ತಾಗುವ ಕಾಲುವೆಯಲ್ಲಿ ಹಾಸಿದ ಕಲ್ಲಿನ ಮೇಲೆ ಕಬ್ಬಿಣದ ಹೊಪ್ಪಳೆ ಕಟ್ಟಿ, ಕಲ್ಲು ಕರಗುವುದು ಬರಬರುತ್ತ ಕುಂದುತ್ತದೆ. ಆದ್ದರಿಂದಲೇ ಅದನ್ನು ಗಾಳಿಯಾಡದಂತೆ ಮಣ್ಣಿನಡಿ ಹೂಳುವ ಕ್ರಮವಿದೆ. ನ್ಯೂಜಿಲೆಂಡಿನಲ್ಲಿ ಗಣಿಯ ನೀರಿಗೆ ಪಚ್ಚಿಲೆಯ (ಕಡಲ ಚಿಪ್ಪುಜೀವಿ) ಜಾತಿಯ ಸುಣ್ಣದಂಶವುಳ್ಳ ಚಿಪ್ಪುಗಳನ್ನೇ ಬಳಸಿದ್ದಾರೆ. ಮರುವಾಯಿ ಚಿಪ್ಪು ಸಿಗುವ ನಮ್ಮ ಅಳಿವೆಗಳ ಬದಿಯಲ್ಲಿ ಇದು ಯೋಚಿಸತಕ್ಕ ಮಾತು.

ಕಾರ್ಕಳದ ಕೃಷಿಕ
ಇಬ್ಬರಿಗೂ ವಂದನೆಗಳು. ಪದರ ಗಾಜಿನಂತೆಯೇ ಒಡೆಯಿತು, ಪಿಎಚ್ 6.4 ಬಂದಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೊಂಡ ತಾಳಿಕೊಂಡೀತೇ?

ಸುರತ್ಕಲ್ಲಿನ ಓದುಗ
ಮಳೆನೀರಿಗೆ ಬೇರೆಯೇ ಕಣಿ ತೋಡದಿದ್ದರೆ ತಾಳದು. ವರ್ಷವಿಡೀ ಇಳಿದ ಕೆಸರು ಒಂದೇ ರಾತ್ರಿಯಲ್ಲಿ ತೋಡಿಗೆ ಕೊಚ್ಚಿಹೋಗುತ್ತದೆ. ಕೊಡವೊಂದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಎರಡು ದಿನದ ಜಿನುಗು ನಿಲ್ಲುವಷ್ಟು ದೊಡ್ಡ ಹೊಂಡ ಮಾಡಿ. ಮೇ ತಿಂಗಳಲ್ಲಿ ಕೆಸರು ತೆಗೆಯಿರಿ, ಪರೀಕ್ಷಿಸದೆ ಅಡಿಕೆಯ ಬುಡಕ್ಕೆ ಹಾಕಬೇಡಿ. ಲಾವಂಚವನ್ನು ದಂಡೆಯ ಮೇಲೆ ನೆಟ್ಟರೆ ಮಣ್ಣು ಕುಸಿಯದಂತೆ ಹಿಡಿದುಕೊಳ್ಳುತ್ತದೆ.